ಜೀಪಿನ ಬೆನ್ನು ಹತ್ತಿ ಊರಿಗೆ ಬಂದ ಸ್ವಂತ ದೋಣಿಯವರಿಗೆ

ಮಾನ್ಯ ದೋಣಿಯವರೇ,

ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯ ಪಾರ್ಕಿಂಗ್ ನಂಬರ್ ಹದಿನಾಲ್ಕರಲ್ಲಿ, ನೀಲಿ ತಾಡಪಾಲು ಹೊದ್ದುಕೊಂಡು, ಒಂದು ಬೆಕ್ಕು ಹಾಗೂ ಅದರ ಐದು ಮರಿಗಳ ಸಮೇತ ಸುಖವಾಗಿ ವಿರಾಜಮಾನರಾಗಿರುವ ತಮಗೆ, ಮೂರನೆಯ ಮಹಡಿಯ ವನಮಾಲಾ ಮಾಡುವ ಅನೇಕ ನಮಸ್ಕಾರಗಳು. ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ದಿನಕ್ಕೆ ಎರಡು ಬಾರಿ ಬಾಲ್ಕನಿಯಿಂದ ಬಗ್ಗಿ ನೋಡಿ ತಿಳಿದುಕೊಳ್ಳುತ್ತಿದ್ದೇನೆ. ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ತಮ್ಮನ್ನು ಕುರಿತು ಈಗಾಗಲೇ ಮೂರು ನೋಟಿಸುಗಳು ಮರಾಠಿಯಲ್ಲಿ ಇರುವುದರಿಂದ, ಕನ್ನಡದಲ್ಲೂ ಒಂದು ಇರಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಾವು ನಮ್ಮ ಕುಟುಂಬವನ್ನು ಸೇರಲು ಕಾರಣವಾದ ಸಂಗತಿಯನ್ನು ತಮಗೆ ಯಾರೂ ಹೇಳಿರಲಿಕ್ಕಿಲ್ಲ. ನನ್ನ ತವರು ಉಡುಪಿಯ ಕಡೆ, ಸ್ವರ್ಣಾ ನದಿಯ ನಡುವಿನ ಒಂದು ಸಣ್ಣ ಕುದ್ರು. ಸುತ್ತಲೂ ನೀರು, ಸೇತುವೆಯಿಲ್ಲ, ದಡಕ್ಕೆ ಹೋಗಿಬರಲು ಮಾನಪ್ಪನ ಬಾಡಿಗೆ ದೋಣಿ. ಅಲ್ಲಿ ಈಗ ನನ್ನ ತಂಗಿ ರತ್ನಾವತಿಯ ಸಂಸಾರವಿದೆ. ಒಂಬತ್ತು ವರ್ಷಗಳ ಹಿಂದೆ ಆ ಮನೆಯ ಸತ್ಯನಾರಾಯಣ ಪೂಜೆಯ ಊಟದ ಪಂಕ್ತಿಯಲ್ಲಿ, ಬಾಯಿಗೆ ಬೀಗವಿಲ್ಲದ ನನ್ನ ತಂಗಿ ಪಾಯಸ ಬಡಿಸುತ್ತಾ, ‘ನಮ್ಮ ಭಾವನಿಗೆ ಬೊಂಬಾಯಲ್ಲಿ ಎಂತ ಉಂಟು, ಹೋಟೆಲೂ ಬಾಡಿಗೆ, ಮನೆಯೂ ಬಾಡಿಗೆ’ ಎಂದು ತಮಾಷೆ ಮಾಡಿದಳು. ಪಂಕ್ತಿಯೆಲ್ಲ ನಕ್ಕಿತು. ನನ್ನ ಯಜಮಾನರಾದ ಮಧ್ವರಾಜರು ಮಾತ್ರ ನಗದೆ, ಅರ್ಧ ಊಟಕ್ಕೇ ಕೈ ತೊಳೆದು ದೋಣಿ ಹತ್ತಿದವರು ಮತ್ತೆ ಆ ಕುದ್ರುವಿಗೆ ಕಾಲಿಡಲಿಲ್ಲ. ಅವರನ್ನು ಬಿಟ್ಟು ನಾನೂ ಹೋಗಲಿಲ್ಲ. ಅವರ ಸಿಟ್ಟು ಸುಳ್ಳಲ್ಲ, ಮಾನ್ಯರೇ. ಹನ್ನೊಂದು ತಿಂಗಳ ಕರಾರು ಮುಗಿದಾಗಲೆಲ್ಲ ಪಾತ್ರೆಪಗಡ ಕಟ್ಟಿಕೊಂಡು, ಕಲ್ಯಾಣದ ಚಾಳಿನಿಂದ ಟಿಟ್ವಾಳಾಕ್ಕೆ, ಟಿಟ್ವಾಳಾದಿಂದ ಡೊಂಬಿವಲಿಗೆ ಎಂದು ಏಳು ಮನೆ ಬದಲಿಸಿದವರು ನಾವು. ಮೂರು ವರ್ಷಗಳ ಹಿಂದೆ ಈ ಫ್ಲ್ಯಾಟಿನ ಕೀಲಿಕೈ ಸಿಕ್ಕಿದ ದಿನ, ಅವರು ಸುಮ್ಮನೆ ಹತ್ತು ಹನ್ನೆರಡು ಸಲ ಬಾಗಿಲು ತೆರೆದು ಮುಚ್ಚಿದ್ದನ್ನು ನಾನು ಅಡಿಗೆಮನೆಯಿಂದ ನೋಡಿದ್ದೇನೆ.

ಹೀಗಿರುವಾಗ ಕಳೆದ ಏಪ್ರಿಲಿನಲ್ಲಿ ರತ್ನಾವತಿಯ ಫೋನು ಬಂತು. ಅವಳ ಮಗಳು ಶ್ರೀಪ್ರಿಯಾಳ ನಿಶ್ಚಿತಾರ್ಥ ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಮನೆಯಲ್ಲೇ ಎಂದೂ, ದೊಡ್ಡಮ್ಮನಾದ ನಾನೇ ಬಂದು ಆರತಿ ಎತ್ತಬೇಕೆಂದೂ ಹೇಳಿದಳು. ಒಂಬತ್ತು ವರ್ಷಗಳ ಮೌನ ಆ ಫೋನಿನಲ್ಲಿ ಮುರಿದದ್ದು ನನಗೆ ಸಾಕಾಗಿತ್ತು. ರೈಲಿನಲ್ಲಿ ಒಂದು ರಾತ್ರಿ, ಆಮೇಲೆ ರಿಕ್ಷಾ, ಆಮೇಲೆ ಮಾನಪ್ಪನ ದೋಣಿಯಲ್ಲಿ ಐದು ನಿಮಿಷ ಎಂದು ನಾನು ಮನಸ್ಸಿನಲ್ಲೇ ಊರು ಮುಟ್ಟಿಯಾಗಿತ್ತು. ಯಜಮಾನರು ಒಂದೇ ಮಾತಿಗೆ ಒಪ್ಪಿದಾಗಲೇ ನಾನು ಸಂಶಯಪಡಬೇಕಿತ್ತು. ಹೋಗುವುದಾದರೆ ಸ್ವಂತ ದೋಣಿಯಲ್ಲೇ ಹೋಗಿ ಅವಳ ಮನೆಯ ಮೆಟ್ಟಿಲಿಗೆ ಇಳಿಯುವುದು, ಹತ್ತು ದಿನ ರಜೆಯಲ್ಲಿ ನದಿಯಲ್ಲೆಲ್ಲ ಓಡಾಡುವುದು ಎಂದು ಅವರು ತೀರ್ಮಾನಿಸಿದ್ದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ, ದಡದಲ್ಲೇ ಬಾಡಿಗೆಗೆ ದೋಣಿ ಇರುವ ಊರಿಗೆ ಇಲ್ಲಿಂದ ದೋಣಿ ಎಳೆದುಕೊಂಡು ಹೋಗುವುದೇ ಎಂದು ಕೇಳಿದೆ. ಬಾಡಿಗೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅವರು ಎದ್ದು ಹೋಟೆಲಿಗೆ ಹೋದರು.

ಉಲ್ಹಾಸನಗರದ ಗಲ್ಲಿಯೊಂದರ ಫೈಬರ್ ವರ್ಕ್‌ಶಾಪಿನಲ್ಲಿ, ನೀರಿನ ಟ್ಯಾಂಕಿಗಳು ಹಾಗೂ ಮದುವೆ ಮಂಟಪದ ಬಿಳಿ ಆನೆಗಳ ನಡುವೆ ತಾವು ನಮಗೆ ಪ್ರಥಮ ದರ್ಶನವನ್ನಿತ್ತಿರಿ. ತಮ್ಮನ್ನು ತಯಾರಿಸಿದ ಪುಣ್ಯಾತ್ಮರು ‘ಪಾನೀ ಮೇ ಭೀ ಚಲೇಗಾ ಸೇಠ್’ ಎಂದು ಭರವಸೆ ಕೊಟ್ಟರು. ನೀರಿನಲ್ಲಿಯೂ ನಡೆಯುತ್ತದೆ ಎಂದರೆ ಉಳಿದಂತೆ ಎಲ್ಲೆಲ್ಲಿ ನಡೆಸಲು ತಯಾರಾದದ್ದು ಎಂದು ಕೇಳಬೇಕೆನಿಸಿತು, ಆದರೆ ಅಷ್ಟರಲ್ಲಿ ಯಜಮಾನರು ತಮ್ಮ ಬೆನ್ನು ಸವರುತ್ತಿದ್ದರು. ಮರುದಿನವೇ ನಮ್ಮ ಹೋಟೆಲಿನ ಬೋರ್ಡು ಬರೆಯುವ ಪೇಂಟರು ‘ಶುದ್ಧ ಶಾಕಾಹಾರಿ’ ಎಂದು ಬರೆಯುವ ಅದೇ ದುಂಡನೆಯ ಅಕ್ಷರಗಳಲ್ಲಿ ತಮ್ಮ ಎರಡೂ ಬದಿಗೆ ‘ಸ್ವಂತಶ್ರೀ’ ಎಂದು ಬರೆದರು. ತಮ್ಮನ್ನು ಎಳೆಯಲು ಬೇಕಾದ ಜೀಪನ್ನು ಘಣಸೋಲಿಯ ಭುಜಂಗರಿಂದ ಗೊತ್ತುಮಾಡಿದ್ದು ಮಾತ್ರ ಬಾಡಿಗೆಗೆ. ಇದನ್ನು ನಾನು ನೆನಪಿಸಿದಾಗ ಯಜಮಾನರು, ಜೀಪು ಬಾಡಿಗೆಗೆ ಬಂದಿರುವುದು ನಮಗಲ್ಲ, ದೋಣಿಗೆ ಎಂದು ಸಮಾಧಾನ ಹೇಳಿದರು. ದಕ್ಷಿಣಕ್ಕೆ ಹೊರಡಬೇಕಾದ ತಮ್ಮನ್ನು ಮೊದಲು ಉತ್ತರಕ್ಕೆ ಟಿಟ್ವಾಳಾದ ಗಣಪತಿಯ ಬಳಿಗೆ ಎಳೆಯಿಸಿ, ಟ್ರಾಲಿಯ ಎರಡೂ ಚಕ್ರಗಳ ಕೆಳಗೆ ಲಿಂಬೆಹಣ್ಣು ಇಟ್ಟು ವಾಹನಪೂಜೆ ಮಾಡಿಸಿದ್ದೂ ಆಯಿತು.

ಮಾನ್ಯರೇ, ಇಲ್ಲಿಯವರೆಗಿನದು ನಮ್ಮ ಮನೆಯ ತಪ್ಪು. ಇನ್ನು ಮುಂದಿನದು ನಮ್ಮ ಜನದ ತಪ್ಪು. ಊರಿಗೆ ಹೋಗುವವರು ಯಾರೆಂದು ತಿಳಿದರೆ ಅವರ ಕೈಯಲ್ಲಿ ಒಂದು ಸಣ್ಣ ಗಂಟು ಕಳಿಸುವುದು, ಕೊಟ್ಟ ಗಂಟನ್ನು ಒಲ್ಲೆ ಎನ್ನದೆ ಒಯ್ಯುವುದು ನಮ್ಮವರಲ್ಲಿ ನಡೆದುಬಂದ ಪದ್ಧತಿ. ಒಲ್ಲೆನೆಂದರೆ ಮುಂದಿನ ಹತ್ತು ವರ್ಷ ಅಹಂಕಾರಿಗಳೆಂಬ ಹೆಸರು. ರೈಲಿನಲ್ಲಿ ಹೋಗುವವರಿಗೆ ಸೀಟಿನ ಕೆಳಗಿನ ಜಾಗವೇ ಒಂದು ಮಿತಿ. ತಮ್ಮಲ್ಲಿಯೋ, ಹದಿನಾಲ್ಕು ಅಡಿ ಉದ್ದದ ಉದಾರ ಹೃದಯ. ಕನ್ನಡ ಸಂಘದ ಕಾರ್ಯದರ್ಶಿಗಳಾದ ಸರ್ವೋತ್ತಮರು ತಮ್ಮನ್ನು ಒಂದು ಸುತ್ತು ನೋಡಿ, ಹೇಗೂ ಖಾಲಿ ಹೋಗುವ ದೋಣಿಯಲ್ಲವೇ ಎಂದರು. ಭಾನುವಾರ ಸಂಜೆಯ ಹೊತ್ತಿಗೆ ತಮ್ಮ ಹೊಟ್ಟೆಯೊಳಗೆ ಎರಡು ಮಿಕ್ಸಿ, ಒಂದು ಹೊಲಿಗೆ ಯಂತ್ರ, ಉಲ್ಹಾಸನಗರದ ಜೀನ್ಸ್ ಪ್ಯಾಂಟುಗಳ ಮೂಟೆ, ಆರು ಪ್ಲಾಸ್ಟಿಕ್ ಕುರ್ಚಿ, ಯಾರದೋ ಸೊಸೆಯ ಬಾಣಂತನಕ್ಕೆ ಹಳೆ ಸೀರೆಗಳು, ಎಲ್ಲ ಸೇರಿ ನಲವತ್ತೊಂದು ಗಂಟುಗಳು ಸೇರಿದ್ದವು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ಸುಮೇಧಾ ‘ಪಪ್ಪಾ, ಯೇ ಬೋಟ್ ಹೈ ಯಾ ಟೆಂಪೋ’ ಎಂದು ಕೇಳಿಯೇಬಿಟ್ಟಳು. ಅದೇ ಸಂಜೆ ಸರ್ವೋತ್ತಮರು ಒಂದು ಡ್ರಿಲ್ ಯಂತ್ರದೊಡನೆ ತಮ್ಮ ಕೆಳಗೆ ನುಸುಳಿದ್ದನ್ನು, ದಾರಿಗೆಂದು ಚಕ್ಕುಲಿ ಕರಿಯುತ್ತಿದ್ದ ನಾನು ಬಾಲ್ಕನಿಯಿಂದ ಕಂಡೆ. ಹಗ್ಗ ಕಟ್ಟಲು ಏನೋ ಮಾಡುತ್ತಿದ್ದಾರೆ ಎಂದುಕೊಂಡೆ.

ಸೋಮವಾರ ಬೆಳಗಾಗುತ್ತಲೇ ಹೊರಟೆವು. ಜೀಪಿನಲ್ಲಿ ನಾವು, ಹಿಂದೆ ತಾವು, ನನ್ನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಬೆಳ್ಳಿಯ ಆರತಿ ತಟ್ಟೆ. ತಮ್ಮ ಗಾಂಭೀರ್ಯಕ್ಕೆ ತಕ್ಕಂತೆ ಗಂಟೆಗೆ ಮೂವತ್ತೈದು ಕಿಲೋಮೀಟರಿನ ಮೇಲೆ ತಾವು ಹೋಗಲಿಲ್ಲ. ಘಾಟಿಯಲ್ಲಿ ಹಾಲಿನ ಲಾರಿಗಳು, ಕೋಳಿಯ ಟೆಂಪೋಗಳು, ಕೊನೆಗೊಂದು ರೋಡ್ ರೋಲರ್ ಕೂಡ ನಮ್ಮನ್ನು ಹಿಂದೆ ಹಾಕಿ ಹೋದವು. ಒಂದು ಟೋಲ್ ನಾಕಾದಲ್ಲಿ ತಮ್ಮನ್ನು ವಾಹನವೆನ್ನಬೇಕೋ ಸಾಮಾನೆನ್ನಬೇಕೋ ಎಂದು ಅವರು ನಿರ್ಧರಿಸುವವರೆಗೆ ಮುಕ್ಕಾಲು ಗಂಟೆ ನಿಂತೆವು. ಕುಮಟಾ ದಾಟಿದ ಮೇಲೆ ಗಂಟುಗಳ ವಿಲೇವಾರಿ ಶುರುವಾಯಿತು. ಗಂಟು ಕೊಟ್ಟು ಹಾಗೇ ಹೋಗುವುದುಂಟೇ? ಪ್ರತಿ ಮನೆಯಲ್ಲೂ ಕಾಲು ತೊಳೆಯಬೇಕು, ಕಾಫಿ ಕುಡಿಯಬೇಕು, ಬೊಂಬಾಯಿಯವರ ಕ್ಷೇಮ ಹೇಳಬೇಕು, ಹಳೆ ಸೀರೆ ಕಳಿಸಿದ್ದಕ್ಕೆ ಅವರು ಪಟ್ಟ ಬೇಸರವನ್ನು ಕೇಳಬೇಕು. ಜೀಪು ಓಡಿಸುತ್ತಿದ್ದ, ಕನ್ನಡದ ಗಂಧವಿಲ್ಲದ ಭುಜಂಗರು ಆ ಒಂದೇ ದಿನದಲ್ಲಿ ‘ಸಾಕು’ ಎಂಬ ಶಬ್ದವನ್ನು ತಪ್ಪಿಲ್ಲದೆ ಕಲಿತರು. ಬುಧವಾರ ಸಂಜೆಗೆ ಕುದ್ರು ಸೇರಬೇಕಾದವರು ಹೊನ್ನಾವರದ ಒಂದು ಮನೆಯಲ್ಲಿ ಹೊಲಿಗೆ ಯಂತ್ರ ಇಳಿಸಿ ಅಲ್ಲೇ ಉಳಿಯಬೇಕಾಯಿತು, ಏಕೆಂದರೆ ಅವರು ಆಗಲೇ ನಮಗೂ ಸೇರಿಸಿ ಅಕ್ಕಿ ಹಾಕಿಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನದಿಯ ದಡ ಮುಟ್ಟಿದೆವು. ಮಾನಪ್ಪನ ದೋಣಿ ಅಲ್ಲೇ ನಿಂತಿತ್ತು. ಅವನು ನನ್ನ ಗುರುತು ಹಿಡಿದು, ಬನ್ನಿ ಅಕ್ಕ, ಐದು ನಿಮಿಷದಲ್ಲಿ ಮುಟ್ಟಿಸುತ್ತೇನೆ ಎಂದು ಕರೆದ. ನಾನು ಒಂದು ಕಾಲು ಎತ್ತಿಯೂ ಆಗಿತ್ತು. ಯಜಮಾನರು ಅವನಿಗೆ ‘ಬೇಡ, ನಮ್ಮದು ಉಂಟು’ ಎಂದರು. ಈ ಮೂರು ಮಾತು ಹೇಳಲು ಅವರು ಒಂಬತ್ತು ವರ್ಷ ಕಾದಿದ್ದರು, ಒಂಬೈನೂರು ಕಿಲೋಮೀಟರು ತಮ್ಮನ್ನು ಎಳೆಯಿಸಿದ್ದರು. ಅವರ ಮುಖ ನೋಡಿ ನಾನು ಎತ್ತಿದ ಕಾಲನ್ನು ಕೆಳಗಿಟ್ಟೆ. ಮಾನಪ್ಪ ಗಂಡಿನ ಕಡೆಯ ಕೊನೆಯ ನಾಲ್ವರನ್ನು ಕೂರಿಸಿಕೊಂಡು ಹೋದ. ಉಳಿದಿದ್ದ ಹತ್ತೊಂಬತ್ತು ಗಂಟುಗಳನ್ನು ಇಳಿಸಿ, ದಡದ ನಾಲ್ಕು ಮಂದಿಯ ಸಹಾಯದಿಂದ ತಮ್ಮನ್ನು ನೀರಿಗೆ ನೂಕಿದೆವು. ಯಜಮಾನರು ಹತ್ತಿ ನಿಂತರು. ತಾವು ಹನ್ನೊಂದು ಅಡಿ ದೂರ ಬಹಳ ಸೊಗಸಾಗಿ ಹೋದಿರಿ. ಆಮೇಲೆ ತಮ್ಮ ತಳದ ಆರು ಕಡೆಗಳಿಂದ ಆರು ಕಾರಂಜಿಗಳು ಎದ್ದು, ತಾವು ಮೊಣಕಾಲುದ್ದದ ನೀರಿನಲ್ಲಿ ಶಾಂತವಾಗಿ ಕುಳಿತುಬಿಟ್ಟಿರಿ.

ಡೊಂಬಿವಲಿಗೆ ಫೋನು ಮಾಡಿದಾಗ ಸರ್ವೋತ್ತಮರು ಬಹಳ ಸಂತೋಷದಿಂದಲೇ ವಿವರಿಸಿದರು. ಮೇ ತಿಂಗಳ ಮಳೆ ನಂಬುವ ಹಾಗಿಲ್ಲ, ದಾರಿಯಲ್ಲಿ ದೋಣಿಯೊಳಗೆ ನೀರು ನಿಂತರೆ ಜನರ ಗಂಟುಗಳು ನೆನೆಯುತ್ತವೆ, ಆದ್ದರಿಂದ ನೀರು ಬಸಿದು ಹೋಗಲೆಂದು ತಾನೇ ಮುತುವರ್ಜಿಯಿಂದ ಆರು ತೂತು ಕೊರೆದೆನೆಂದು ಹೇಳಿ, ಯಾವ ಗಂಟೂ ಒದ್ದೆಯಾಗಿಲ್ಲವಷ್ಟೇ ಎಂದು ಕೇಳಿದರು. ಒಂದೂ ಒದ್ದೆಯಾಗಿರಲಿಲ್ಲ. ನಮ್ಮ ಹೋಟೆಲಿನ ಅನ್ನ ಬಸಿಯುವ ತಟ್ಟೆಗೆ ತಾವು ಹತ್ತಿರದ ನೆಂಟರಾಗಿದ್ದಿರಿ ಅಷ್ಟೇ. ಹತ್ತು ನಲವತ್ತಕ್ಕೆ ಸರಿಯಾಗಿ ಕುದ್ರುವಿನಿಂದ ಹೆಂಗಸರ ಶೋಭಾನೆ ಹಾಡು ನೀರಿನ ಮೇಲೆ ಹಾಯ್ದು ಕೇಳಿಸಿತು. ಆರತಿ ತಟ್ಟೆ ಕೈಯಲ್ಲಿ ಹಿಡಿದು ನಾನು ದಡದಲ್ಲಿ ನಿಂತು ಅತ್ತೆ. ಈ ಪತ್ರದಲ್ಲಿ ವ್ಯಂಗ್ಯ ಬಹಳವಿದೆ, ಈ ವಾಕ್ಯದಲ್ಲಿ ಇಲ್ಲ. ಯಜಮಾನರು ತಮ್ಮೊಳಗೆ ನೀರಿನಲ್ಲೇ ನಿಂತಿದ್ದರು, ಇಳಿದು ದಡಕ್ಕೆ ಬರುವ ಧೈರ್ಯ ಅವರಿಗಾಗಲಿಲ್ಲ.

ಕಾಲು ಗಂಟೆಯ ಮೇಲೆ ಮಾನಪ್ಪನ ದೋಣಿ ತಿರುಗಿ ಬಂತು. ಅದರಲ್ಲಿ ರೇಷ್ಮೆ ಸೀರೆಯುಟ್ಟು, ಮುಡಿಯ ತುಂಬ ಮಲ್ಲಿಗೆ ಮುಡಿದು, ಮದುಮಗಳ ತಾಯಿಯಾದ ನನ್ನ ತಂಗಿಯೇ ಕುಳಿತಿದ್ದಳು. ನಾವು ದಡಕ್ಕೆ ಬಂದಿರುವುದನ್ನು ಆ ನಾಲ್ವರು ನೆಂಟರಿಂದ ಕೇಳಿ, ಮುಹೂರ್ತ ಮುಗಿದದ್ದೇ ಎದ್ದು ಬಂದಿದ್ದಳು. ಅವಳು ನನ್ನನ್ನು ನೋಡಿದಳು, ತಮ್ಮ ಬದಿಯ ಮೇಲಿನ ಹೆಸರನ್ನು ಓದಿದಳು, ತಮ್ಮೊಳಗೆ ಪ್ಯಾಂಟು ಒದ್ದೆ ಮಾಡಿಕೊಂಡು ನಿಂತ ನನ್ನ ಯಜಮಾನರನ್ನು ನೋಡಿದಳು. ಬಾಯಿಗೆ ಬೀಗವಿಲ್ಲದವಳು ಇನ್ನೇನು ಹೇಳುವಳೋ ಎಂದು ಹೆದರಿದೆ.

‘ಭಾವ, ಇದು ಬಾಡಿಗೆದೇ. ನಾನೂ ಇದ್ರಲ್ಲೇ ಬಂದದ್ದು. ಕೂತ್ಕೊಳ್ಳಿ, ಆರತಿ ಬಾಕಿ ಇಟ್ಟಿದ್ದೇನೆ’ ಎಂದಳು.

ಬೀಗರ ಕಡೆಯ ನಲವತ್ತು ಮಂದಿ ಎಲೆಯ ಮುಂದೆ ಕೂರಲಾರದೆ, ಆರತಿ ಆಗದೆ ಊಟವಿಲ್ಲವೆಂದು, ಹಸಿದು ಕಾಯುತ್ತಿದ್ದರಂತೆ. ಯಜಮಾನರು ಚಪ್ಪಲಿ ಕೈಯಲ್ಲಿ ಹಿಡಿದು ನೀರಿನಲ್ಲೇ ನಡೆದು ಬಂದು ಮಾನಪ್ಪನ ದೋಣಿ ಹತ್ತಿದರು. ದೋಣಿ ನಡು ಹೊಳೆ ಮುಟ್ಟುವವರೆಗೆ ಪ್ಯಾಂಟಿನ ನೀರು ಹಿಂಡುತ್ತಿದ್ದರು. ಆಮೇಲೆ ನನ್ನ ತಂಗಿಯ ಕಡೆ ನೋಡದೆ, ‘ಪಾಯಸ ಎಂಥದ್ದು ಮಾಡಿಸಿದ್ದಿ?’ ಎಂದು ಕೇಳಿದರು. ಹೋಟೆಲಿನವರ ಬಾಯಲ್ಲಿ ಕ್ಷಮೆ ಹಾಗೆಯೇ ಬರುವುದು. ಆರತಿಯನ್ನು ನಾನೇ ಎತ್ತಿದೆ. ಅವರು ಪಾಯಸವನ್ನು ಮೂರು ಸಲ ಹಾಕಿಸಿಕೊಂಡರು, ಬಡಿಸಿದವಳು ರತ್ನಾವತಿ.

ಹಿಂತಿರುಗುವಾಗ ತಮ್ಮ ಸೇವೆಗೆ ಕುಂದಾಗಲಿಲ್ಲ. ಡೊಂಬಿವಲಿಯವರಿಗೆಂದು ಊರಿನವರು ಕೊಟ್ಟ ಇನ್ನೂರು ತೆಂಗಿನಕಾಯಿ, ನಾಲ್ಕು ಮೂಟೆ ಕುಚ್ಚಲಕ್ಕಿ ಹಾಗೂ ಹಲಸಿನ ಹಪ್ಪಳದ ಡಬ್ಬಗಳನ್ನು ತಾವು ಹೊತ್ತು ತಂದಿರಿ, ಆರು ತೂತುಗಳಿಂದ ಗಾಳಿಯಾಡಿ ಹಪ್ಪಳ ಮುಗ್ಗಲಾಗಲಿಲ್ಲ. ನೆಲದ ಮೇಲೆ ಸಾವಿರದ ಎಂಟುನೂರು ಕಿಲೋಮೀಟರು, ನೀರಿನ ಮೇಲೆ ಹನ್ನೊಂದು ಅಡಿ ಪಯಣಿಸಿದ ಇನ್ನೊಂದು ದೋಣಿ ಈ ಕರಾವಳಿಯಲ್ಲಿ ಇರಲಾರದು ಎಂದು ಹೆಮ್ಮೆಯಿಂದ ಹೇಳಬಲ್ಲೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯೇನೆಂದರೆ, ಬರುವ ಭಾನುವಾರದ ಸೊಸೈಟಿ ಮೀಟಿಂಗಿಗೆ ತಾವು ಖುದ್ದಾಗಿ ಹಾಜರಾಗಿ, ತಾವು ಕಾರೋ, ಸ್ಕೂಟರೋ, ಗುಜರಿ ಸಾಮಾನೋ ಎಂಬ ಅವರ ಪ್ರಶ್ನೆಗೆ ತಾವೇ ಉತ್ತರಿಸಬೇಕು. ನಾವು ಉತ್ತರಿಸಿ ಸೋತಿದ್ದೇವೆ. ಸಾಧ್ಯವಾದರೆ ಮಳೆಗಾಲದಲ್ಲಿ ಗೇಟಿನ ಮುಂದೆ ನೀರು ನಿಂತಾಗ ತಾವಾಗಿಯೇ ತೇಲಿ, ಎಲ್ಲಿಗೆಂದು ನಮಗೆ ತಿಳಿಸದೆ ಹೋಗಿಬಿಟ್ಟರೂ ಸಂತೋಷವೇ. ಅದೂ ಆಗದಿದ್ದರೆ, ಬೆಕ್ಕಿನ ಮರಿಗಳು ಕಣ್ಣು ಬಿಡುವವರೆಗಾದರೂ ಅಲುಗಾಡದೆ ಇರಬೇಕು. ಅಲುಗಾಡದೆ ಇರುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ನನಗೆ ಗೊತ್ತು.

ಎಳೆದದ್ದಕ್ಕೂ ಎಳೆಯಿಸಿಕೊಂಡದ್ದಕ್ಕೂ ಸಾಕ್ಷಿಯಾದ, ತಮ್ಮ ಬಡ ವಿಶ್ವಾಸಿ,
ವನಮಾಲಾ ಮಧ್ವರಾಜ

ತಾಜಾ ಕಲಂ: ಡಿಸೆಂಬರಿನಲ್ಲಿ ಶ್ರೀಪ್ರಿಯಾಳ ಮದುವೆ. ಯಜಮಾನರು ನನಗೆ ತಿಳಿಯದಂತೆ ಮಾನಪ್ಪನಿಗೆ ಫೋನು ಮಾಡಿ ಅವನ ದೋಣಿಯನ್ನು ಇಡೀ ದಿನಕ್ಕೆ ಗೊತ್ತುಮಾಡಿದ್ದಾರೆ. ಬಾಡಿಗೆಗೋ ಎಂದು ಸುಮೇಧಾ ಕೇಳಿದ್ದಕ್ಕೆ, ಒಂದು ದಿನದ ಮಟ್ಟಿಗೆ ಸ್ವಂತ ಮಾಡಿಕೊಂಡಿದ್ದೇನೆ ಎಂದರಂತೆ. ತಮ್ಮ ಆರು ತೂತುಗಳನ್ನು ಮುಚ್ಚಿಸಲೇ ಎಂದು ಮೊನ್ನೆ ನನ್ನನ್ನು ಕೇಳಿದರು, ನಾನು ಬೇಡವೆಂದೆ. ಆ ತೂತುಗಳಿಲ್ಲದಿದ್ದರೆ ನಾವು ಮುಹೂರ್ತಕ್ಕೆ ಸರಿಯಾಗಿ ತಲುಪುತ್ತಿದ್ದೆವು, ನನ್ನ ತಂಗಿ ನದಿ ದಾಟಿ ನಮ್ಮನ್ನು ಕರೆಯಲು ಬರುತ್ತಿರಲಿಲ್ಲ. ಈ ಮಾತನ್ನು ಮಾತ್ರ ತಾವು ಯಜಮಾನರಿಗೆ ಹೇಳಬಾರದು. ತಮ್ಮಿಂದ ಉಪಕಾರವಾಯಿತೆಂದು ತಿಳಿದರೆ ಅವರು ಇನ್ನೊಂದು ದೋಣಿ ಕೊಂಡಾರು.