ನಮ್ಮ ವಿರಹಿಣಿಗೆ ಮಲ್ಲಿಗೆ ಮುಡಿಸಿದ್ದು

ಆ ಭಾನುವಾರ ಸಂಜೆ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಮನೆಯಲ್ಲಿ ಇದ್ದವರು ಮೂರೂವರೆ ಜನ: ನಾನು, ಹೆಂಡತಿ ಸುಮಿತ್ರಾ, ಉಡುಪಿಯಿಂದ ಬಂದಿದ್ದ ಅವಳ ತಾಯಿ, ಅಂದರೆ ನನ್ನ ಅತ್ತೆ, ಮತ್ತು ಗೋಡೆಯ ಮೇಲೆ ಸೊಂಟದವರೆಗೆ ಮಾತ್ರ ಇದ್ದ ಒಬ್ಬ ಇಂಗ್ಲಿಷ್ ಹೆಂಗಸು. ಈ ಅರ್ಧ ಹೆಂಗಸನ್ನು ತಂದವನು ನಾನೇ. ಮಹಾಪೆಯ ಆಫೀಸಿನಲ್ಲಿ ದಿನವಿಡೀ ಇನ್ಶೂರೆನ್ಸ್ ಕ್ಲೇಮು ನೋಡುವವನಿಗೆ ಸಂಜೆಯಾದರೂ ರಸಿಕ ಎನಿಸಿಕೊಳ್ಳುವ ಚಪಲವಿರುತ್ತದೆ. ಉಲ್ಹಾಸನಗರದ ಫ್ರೇಮ್ ಅಂಗಡಿಯವನು, "ಸಾಬ್, ರಾನಿ ವಿಕ್ಟೋರಿಯಾ ಕೆ ಜಮಾನೇ ಕಾ ಮಾಲ್ ಹೈ" ಎಂದ. ಹಿಂದೆ ಅಂಟಿಸಿದ್ದ ಚೀಟಿಯ ಪ್ರಕಾರ, ಯಾವುದೋ ಕವಿತೆ ಓದಿ ಕರಗಿಹೋದ ಚಿತ್ರಕಾರನೊಬ್ಬ ಬರೆದದ್ದು. ಬಾರದ ಪ್ರಿಯಕರನಿಗಾಗಿ ಕಿಟಕಿಯ ಬಳಿ ಕಾಯುವ ಹೆಣ್ಣು. ಮೇಲೆ ಸಿಕ್ಕಿಸಲು ಪುಟ್ಟ ಹಳದಿ ಬಲ್ಬನ್ನೂ ಪುಕ್ಕಟೆ ಕೊಟ್ಟ.

ಅತ್ತೆಗೆ ಕವಿತೆ ಕಾಣಲಿಲ್ಲ. "ಇದೆಂತದ್ದು ಮಾರಾಯ್ರೆ, ದೀಪ ಹಚ್ಚುವ ಹೊತ್ತಿಗೆ ಕೂದಲು ಬಿಟ್ಟುಕೊಂಡು ನಿಂತಿದ್ದಾಳೆ! ಹಣೆಯೂ ಖಾಲಿ. ಕಾಯುವುದಾದರೆ ಸರಿಯಾಗಿ ಕಾಯಲಿಕ್ಕೆ ಆಗುವುದಿಲ್ಲವಾ?" ವಿರಹ ಎಂದರೆ ಹಾಗೇ ಎಂದು ನಾನು ವಿವರಿಸಿದೆ. ಅವರು ಗಾಜಿನ ಮೇಲೆ ಕುಂಕುಮವಿಟ್ಟು, ಫ್ರೇಮಿಗೆ ಒಂದು ಮೊಳ ಮಲ್ಲಿಗೆ ಇಳಿಬಿಟ್ಟು, ಕೆಸುವಿನೆಲೆಯ ಪತ್ರೊಡೆ ಬೇಯಿಸಲು ಒಳಗೆ ಹೋದರು. ಸುಮಿತ್ರಾ ತೀರ್ಪು ಕೊಟ್ಟಳು: "ಇವತ್ತು ಬರುವವರು ಒಂದು ಒಳ್ಳೆ ಮಾತು ಆಡಿದರೆ ಇವಳು ಇಲ್ಲಿರ್ತಾಳೆ. ಇಲ್ಲದಿದ್ದರೆ ಬಚ್ಚಲ ಮೇಲಿನ ಅಟ್ಟಕ್ಕೆ."

ಬರುವವರೆಂದರೆ ಕಲ್ಯಾಣದ ಕುಲಕರ್ಣಿ ದಂಪತಿ. ಧಾರವಾಡದವರು, ಕವಿತೆ ಬಲ್ಲವರು. "ಅತ್ತೆ ಬಂದಿದ್ದಾರೆ, ಅವರ ಕೈ ಪತ್ರೊಡೆ ತಿನ್ನಲು ಬನ್ನಿ" ಎಂದು ವಾರದ ಹಿಂದೆಯೇ ಕರೆದಿದ್ದೆ. ಕುಲಕರ್ಣಿಯವರು ಚಪ್ಪಲಿ ಬಿಟ್ಟು ಒಳಗೆ ಬಂದವರೇ ಚಿತ್ರದ ಮುಂದೆ ನಿಂತುಬಿಟ್ಟರು. ಕೈ ತಾನಾಗಿ ಮುಗಿದುಕೊಂಡಿತು. ಕಲೆಯ ಶಕ್ತಿ ನೋಡಿ, ಎಂದುಕೊಂಡು ನಾನೂ ದನಿ ತಗ್ಗಿಸಿದೆ. "ಎಷ್ಟು ಕಾದರೂ ಬರಬೇಕಾದವನು ಬರಲಿಲ್ಲ, ಸರ್. ಮುಖದಲ್ಲೇ ಕಾಣುತ್ತೆ."

"ಮಾರಿ ನೋಡಿದ್ರ ತಿಳೀತದ್ರಿ," ಎಂದು ಅವರು ನನ್ನ ಭುಜ ತಟ್ಟಿದರು. "ನೀವಾದ್ರೂ ಹತ್ರ ಇದ್ರಲ್ಲ, ಅಷ್ಟ ಸಮಾಧಾನ."

ಸುಮಿತ್ರಾ ಪತ್ರೊಡೆ ತಟ್ಟೆ ತರುವಷ್ಟರಲ್ಲಿ ಅವರು ಬಾಗಿಲ ಕಡೆ ತಿರುಗಿಬಿಟ್ಟರು. "ಇಂಥಾ ಹೊತ್ತಿನ್ಯಾಗ ಬ್ಯಾಡ್ರಿ, ತಂಗಿ." ನೀರನ್ನೂ ಮುಟ್ಟಲಿಲ್ಲ. ಅವರ ಹೆಂಡತಿ ಸುಮಿತ್ರಾಳ ಕೈ ಹಿಸುಕಿ, ಕಣ್ಣೊರೆಸಿಕೊಂಡರು; ಇಬ್ಬರೂ ಮೆಟ್ಟಿಲಿಳಿದು ಹೋದರು.

"ನೋಡು, ಹೇಗೆ ಕರಗಿಹೋದರು!" ಎಂದೆ.

ಸುಮಿತ್ರಾ ಬಾಗಿಲನ್ನೇ ನೋಡುತ್ತಿದ್ದಳು. "ಹೋಗಿ ಬರ್ತೀವಿ ಅನ್ನಲಿಲ್ಲ. ನೀರು ಕುಡಿಯಲಿಲ್ಲ. ಅದು ಸಾವಿನ ಮನೆಯಲ್ಲಿ ಅಲ್ಲವಾ?" ಇಬ್ಬರೂ ತಿರುಗಿ ನೋಡಿದೆವು. ಹಳೇ ಕಾಲದ ಉದ್ದ ತೋಳಿನ ರವಿಕೆ, ಹಣೆಯಲ್ಲಿ ಕುಂಕುಮ, ಮಲ್ಲಿಗೆ ಹಾರ, ಮೇಲೆ ಮಿಣಮಿಣ ಹಳದಿ ದೀಪ.

ಅಡಿಗೆಮನೆಯಿಂದ ಸೌಟು ಹಿಡಿದು ಅತ್ತೆ ಬಂದರು. "ಎಂತ? ನನ್ನನ್ನೇ ಕಳಿಸಿಬಿಟ್ಟರಾ? ಅಷ್ಟು ಪತ್ರೊಡೆ ಯಾರು ತಿನ್ನುವುದು?"

ಮರುದಿನ ಬೆಳಿಗ್ಗೆ ಡಬ್ಬಿ ಹಿಡಿದು ಅತ್ತೆ, ಅವರ ಹಿಂದೆ ನಾನು, ಕಲ್ಯಾಣದ ಲೋಕಲ್ ಹತ್ತಿದೆವು. ಬಾಗಿಲು ತೆಗೆದ ಕುಲಕರ್ಣಿಯವರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ತೊದಲುತ್ತಾ ಎಲ್ಲ ಹೇಳಿದೆ. ಅವರು ಅತ್ತೆಯನ್ನು ದಿಟ್ಟಿಸಿ, "ನಿಮ್ಮ ಹರೇದಾಗಿನ ಫೋಟೋ ಅಂತ ಮಾಡಿದ್ದೆ ನೋಡ್ರಿ. ಅದ ಮೂಗು, ಅದ ಬಣ್ಣ!" ಎಂದರು. ದಾರಿಯುದ್ದಕ್ಕೂ ಕುದಿಯುತ್ತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು, "ಕೂತುಕೊಳ್ಳಿ, ಬಡಿಸುತ್ತೇನೆ" ಎಂದರು, ಅವರ ಮನೆಯಲ್ಲೇ.

ಊರಿಗೆ ಹೊರಟಾಗ ಅತ್ತೆ ಚಿತ್ರವನ್ನು ಹಳೇ ಸೀರೆಯಲ್ಲಿ ಸುತ್ತಿ ರೈಲಿಗೆ ಒಯ್ದರು. ಖಾಲಿ ಮೊಳೆಗೆ ಸುಮಿತ್ರಾ ನನ್ನ ಆಫೀಸು ಚೀಲ ನೇತುಹಾಕಿದ್ದಾಳೆ. ಸಂಜೆ ಅದರ ಮೇಲೆ ಹಳದಿ ಬಲ್ಬು ಉರಿಯುತ್ತದೆ.