ಅಡಗಿಕಟ್ಟಿ ಮ್ಯಾಲ ನನ್ನ ಹೊಟ್ಟಿಕಿಚ್ಚು

ನಮ್ಮ ಮನಿಯಾಕಿ ಅರವತ್ತೆಂಟನೇ ವಯಸ್ಸಿನಾಗ ಮನಸ್ಸು ಕೊಟ್ಟಾಳ. ನನಗಲ್ರಿ, ಅಡಗಿಕಟ್ಟಿಗೆ! ಹೌದ್ರಿ, ಗ್ಯಾಸ್ ಒಲಿ ಇಡೋ ಕಲ್ಲಿನ ಕಟ್ಟಿ. ನಗಬ್ಯಾಡ್ರಿ, ಹೊಟ್ಟಿಕಿಚ್ಚಿಗೆ ನನಗ ಊಟ ಸೇರವಲ್ದು.

ಕೆನಾಲ್ ನೀರು ನಮ್ಮ ಹೊಲಕ್ಕ ಮುಟ್ಟ್ಯಾದೋ ಇಲ್ಲೋ ನೋಡಿ ಬರ್ತೀನಂತ ಹೋದಾಕಿ, ಭತ್ತದ ಗದ್ದಿ ಬದುವಿನ ಮ್ಯಾಲ ಜಾರಿ ಬಿದ್ಲು. ತೊಗರಿ ಹೊಲದಾಗ ಓಡ್ಯಾಡಿದ ಕಾಲಿಗೆ ಕೆಸರೇನು ಗೊತ್ತು? ಸೊಂಟದ ಎಲುಬು ಮುರೀತು. ನಾ ಬಾಯಿ ಬಡಕೊಂಡು ಓಡಿದ್ರ ಆಕಿ ಕೇಳಿದ್ದೇನು? "ನೀರು ಬಂತೇನ್ರಿ?"

ಆಪರೇಷನ್ ಆತು, ರಾಡ್ ಹಾಕಿದ್ರು. ಆಮ್ಯಾಲ ಕಸರತ್ತು ಕಲಸಾಕ ಶಹಾಪುರದಿಂದ ಫಿಸಿಯೋ ಡಾಕ್ಟರಮ್ಮ ಬಂದ್ರು. "ಅಲ್ಲಾಡದಂಥಾದ್ದು ಏನರ ಹಿಡಕೊಂಡು, ಹತ್ತು ಎಣಸೋತನಕ ಒಂದ ಕಾಲ ಮ್ಯಾಲ ನಿಂದ್ರಬೇಕ್ರಿ. ಹಿಂಗ ರೂಢಿ ಆದ್ರ ವಾಕರ್ ಬಿಟ್ಟು ನೀವೊಬ್ಬರ ಹೊಲಕ್ಕ ಹೋಗಬಹುದು" ಅಂದ್ರು.

ಎಪ್ಪತ್ಮೂರರ ನಾನು ಎದಿ ಉಬ್ಬಿಸಿ ಮುಂದ ನಿಂತೆ. ಆಕಿ ಕೆಂಭಾವಿ ಸಂತ್ಯಾಗ ಗಡಿಗಿ ಆರಿಸಿದಂಗ ಬಾಗಲ ಬಡದು ನೋಡಿದ್ಲು, ಕಂಬ ತಳ್ಳಿ ನೋಡಿದ್ಲು, ನನ್ನ ಹೆಗಲ ಅಲ್ಲಾಡಿಸಿ ನೋಡಿದ್ಲು.

"ಇದು ಬ್ಯಾಡ್ರಿ ಡಾಕ್ಟರಮ್ಮ, ಅಲ್ಲಾಡ್ತದ!"

ನಲವತ್ತಾರು ವರ್ಷ ಬಾಳೇವು ಮಾಡಿದ ಗಂಡ "ಇದು"! ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡದು ನಕ್ಕರು.

ಕಡೀಕ ಆಕಿ ಆರಿಸಿದ್ದು ಅಡಗಿಕಟ್ಟಿ. ಅವತ್ತಿನಿಂದ ದಿನಕ್ಕ ಮೂರು ಸಲ ಅದರ ಜೋಡಿ ಮಾತುಕತಿ. "ನೀ ಮಜಬೂತ್ ಅದಿ ನೋಡವ್ವ, ನಿನ್ನಂಥಾಕಿ ಯಾರಿಲ್ಲ." ಅದನ್ನ ಸವರೋದೇನು, ಒರಸೋದೇನು! ನನ್ನ ತಲಿ ಯಾವಾಗರ ಹಂಗ ಸವರ್ಯಾಳೇನು? ನನಗ ಸಿಕ್ಕ ನೌಕರಿ ಎಣಸೋದು ಒಂದ. ಅವರಿಬ್ಬರನ್ನ ಲಗೂನ ಬಿಡಸಬೇಕಂತ "ಆರು, ಏಳು, ಒಂಬತ್ತು, ಹತ್ತು" ಅಂದುಬಿಟ್ಟೆ.

"ಎಂಟು ಎಲ್ಲಿ ಹೋತ್ರಿ?"

"ಹಾಲು ತರಾಕ ಹೋಗ್ಯಾದ!"

"ಹಂಗಾರ ಅದು ಬರೋತನಕ ನಾ ಕಾಲು ಇಳಸಂಗಿಲ್ಲ" ಅಂತ ಕಟ್ಟಿ ಮತ್ತಷ್ಟು ಗಟ್ಟಿ ಹಿಡಕೊಂಡ್ಲು.

ಕಟ್ಟಿ ಹಿಡಿಯೋದು ಎರಡು ಕೈಯಿಂದ ಒಂದು ಕೈಗೆ ಬಂತು, ಆಮ್ಯಾಲ ಒಂದು ಬೆರಳಿಗೆ. ಮೊನ್ನೆ ಡಾಕ್ಟರಮ್ಮ ಅಂಗಳದಾಗ ಸುಣ್ಣದ ಗೆರಿ ಎಳದು, "ಇನ್ನ ಒಂದು ಕಾಲಿನ ಹಿಮ್ಮಡ ಇನ್ನೊಂದು ಕಾಲಿನ ಬೆರಳಿಗೆ ಹಚ್ಚಿಗೋತ ಇದರ ಮ್ಯಾಲ ನಡೀರಿ. ಯಾರರ ಮುಂದ ನಿಂತು ಕೈ ಹಿಡೀಲಿ" ಅಂದ್ರು. ಅಂಗಳದಾಗ ಉಳದಿದ್ದು ನಾನು, ನಮ್ಮ ಆಡು. ಆಕಿ ಇಬ್ಬರನ್ನೂ ಅಳದು ನೋಡಿದ್ಲು.

"ಆಡು ಓಡಿ ಹೋಗ್ತದ. ನೀವ ಬರ್ರಿ."

ಗೆದ್ದೆ! ಹಾಡಹಗಲು, ಓಣಿ ಮಂದಿ ಎಲ್ಲಾ ನೋಡಾಕತ್ತಾಗ, ನಮ್ಮ ಮನಿಯಾಕಿ ನನ್ನ ಎರಡೂ ಕೈ ಹಿಡದ್ಲು. ನಾ ಹಿಂದಹಿಂದಕ್ಕ ನಡದೆ. ಮೂರನೇ ಹೆಜ್ಜಿಗೆ ತಿಳೀತು, ಆಕಿ ಕೈ ಗಡಗಡ ನಡಗಾಕತ್ತಿದ್ವು. ಇಷ್ಟು ದಿನ ಈ ನಡುಕ ಆ ಕಲ್ಲಿಗೆ ಗೊತ್ತಿತ್ತು, ನನಗ ಗೊತ್ತಿರಲಿಲ್ಲ.

"ಮೊದಲ ನನ್ನ ಯಾಕ ಹಿಡೀಲಿಲ್ಲ?" ಸಣ್ಣಗ ಕೇಳಿದೆ.

"ನಾ ಬಿದ್ರ ನಿಮ್ಮನ್ನೂ ಕೆಡವ್ತೀನಂತ ಅಂಜಿಕಿರಿ. ನಿಮ್ಮ ಎಲುಬು ಮುರದ್ರ ನಾ ಏನು ಮಾಡ್ಲಿ?"

ಕಣ್ಣಾಗ ನೀರು ಬಂದು ನನಗ ಗೆರಿ ಕಾಣವಲ್ದಾತು. ಆಕಿ ಕೈ ಬಿಗಿ ಹಿಡದೆ.

"ಬಿದ್ರ ಇಬ್ರೂ ಬೀಳೋಣ. ಕಾಲು ಇಡು."

ಆಕಿ ಇಟ್ಲು.