ಬೇಸ್‌ಮೆಂಟಿನಲ್ಲಿ ಹುಯ್ದ ದೋಸೆಗಳು

ವ್ಯಾಪಾರಿಯ ಕಣ್ಣಿನಿಂದ ಅಳೆದರೆ ನನ್ನ ಹೆಂಡತಿ ಉಮಾವತಿ ಅಪ್ಪಟ ತಾಮ್ರದ ಹಂಡೆ: ಮಾಲು ದಪ್ಪ, ತೂಕ ಪಕ್ಕಾ, ತುಸು ತಾಗಿದರೂ ಸದ್ದು ಮೂರು ಮನೆಗೆ! ಹೋಟೆಲ್ ಪಾತ್ರೆಗಳ ವ್ಯಾಪಾರದಲ್ಲಿ ತಲೆ ನರೆಸಿಕೊಂಡ ನನಗೂ ಈಕೆಯ ಜೊತೆ ಚೌಕಾಸಿ ಗೆದ್ದು ಗೊತ್ತಿಲ್ಲ.

ಈ ಸಲ ಗೆದ್ದೇ ತೀರುತ್ತೇನೆಂದು ಪಣ ತೊಟ್ಟೆ! ವಿಷಯ, ಸಾನಪಾಡಾದ ನಮ್ಮ ರೋ-ಹೌಸಿನ ಬೇಸ್‌ಮೆಂಟ್. ನನಗೆ ಅಲ್ಲಿ ಮರಗೆಲಸದ ವರ್ಕ್‌ಶಾಪ್ ಬೇಕು. ಅವಳಿಗೆ ಮಹಿಳಾ ಮಂಡಳಿಯ ಯಕ್ಷಗಾನ ಅಭ್ಯಾಸಕ್ಕೆ ಜಾಗ ಬೇಕು. ನೆಲವೋ, ಉಬ್ಬುತಗ್ಗಿನ ಕಾಂಕ್ರೀಟು. ಮೇಜು ಇಟ್ಟರೆ ಮೇಜೇ ಕುಣಿಯುತ್ತಿತ್ತು!

“ಭಾನುವಾರದೊಳಗೆ ನಾನೇ ಇದನ್ನು ಸಮ ಮಾಡಿದರೆ ಜಾಗ ನನ್ನದು,” ಎಂದೆ.

“ಆಗ್ಲಿ. ಆಗದಿದ್ರೆ ನಮ್ಮದು. ಮತ್ತೆ ಮಾತು ತಿರುಗಿಸ್ಲಿಕ್ಕಿಲ್ಲ ಮಾರಾಯ್ರೆ.”

ತಾನಾಗಿ ಹರಡಿ ಸಮತಟ್ಟಾಗುವ ಸಿಮೆಂಟು ಪುಡಿ ತಂದೆ. ನೀರು ಬೆರೆಸಿ, ನಡುವೆ ನಿಲ್ಲಿಸದೆ ಹುಯ್ಯಬೇಕಂತೆ. ಭಾನುವಾರ ಬೆಳಿಗ್ಗೆ ಮೊದಲ ಬಕೆಟ್ ಸುರಿದೆ. ಆಹಾ, ನೀರುದೋಸೆಯ ಹಿಟ್ಟು ಹರಿದಂತೆ! ಅಷ್ಟರಲ್ಲಿ ಫೋನು. ಘಣಸೋಲಿಯಲ್ಲಿ ಹೋಟೆಲ್ ನಡೆಸುವ ಹಯಗ್ರೀವ ರಾಯರು.

“ಅಣ್ಣ, ಆ ದೊಡ್ಡ ತೋಪಿಗೆ ಮುಚ್ಚಳ ಫ್ರೀ ಅಲ್ವಾ?”

ಮುಚ್ಚಳ ಪುಕ್ಕಟೆ ಕೊಟ್ಟು ವಂಶಕ್ಕೆ ಕಳಂಕ ತರಲೇ? ವಾದಿಸಿದೆ, ಗೆದ್ದೆ! ತಿರುಗಿ ನೋಡಿದರೆ ಸಿಮೆಂಟು ಗಟ್ಟಿಯಾಗಿತ್ತು. ಎರಡನೆಯ ಬಕೆಟ್ ಹುಯ್ದೆ. ಮತ್ತೆ ಫೋನು, ರಾಯರಿಗೆ ಸೌಟು ನೆನಪಾಯಿತು. ಮೂರನೆಯದಕ್ಕೆ ಜರಡಿ. ಪ್ರತಿ ಚೌಕಾಸಿಯಲ್ಲೂ ನಾನು ಗೆಲ್ಲುತ್ತಾ ಹೋದೆ, ಸಿಮೆಂಟು ಹೆಪ್ಪುಗಟ್ಟುತ್ತಾ ಹೋಯಿತು. ಸಂಜೆಗೆ ನೆಲದ ತುಂಬ ಒಂದರ ಅಂಚಿನ ಮೇಲೊಂದು ಹತ್ತಿ ಕೂತ ದೋಸೆಗಳು!

ಉಮಾವತಿ ಇಳಿದು ಬಂದಳು. “ಇದೆಂತದು? ನೆಲವಾ, ತಿಂಡಿಯಾ?”

“ಡಿಸೈನು!”

ಅವಳು ಎರಡು ಹೆಜ್ಜೆ ಇಟ್ಟಳು, ಎಡವಿದಳು, ಗೋಡೆ ಹಿಡಿದು ನಿಂತಳು. “ಜಾಗ ನಮ್ಮದು.”

“ತಗೋ ಮಾರಾಯ್ತಿ! ಇದರ ಮೇಲೆ ಹೇಗೆ ಕುಣೀತೀರಿ, ನಾನೂ ನೋಡ್ತೇನೆ!” ಸೋತರೂ ಒಳಗೊಳಗೇ ಖುಷಿ.

“ಇದ್ರ ಮೇಲೆ ಯಾರು ಕುಣಿಯೋದು? ನಿಮ್ಮ ಅಂಗಡಿಯ ಪಾತ್ರೆ ಸೊಟ್ಟ ಬಂದ್ರೆ ಬದಲಿ ಕೊಡ್ತೀರಲ್ಲ? ಇದೂ ಹಾಗೇ. ನೀವೇ ಕೆಡಿಸಿದ ಮಾಲು. ಬದಲಿ ಕೊಡಿ!”

ಈಗ ಉಳಿ-ಸುತ್ತಿಗೆ ಹಿಡಿದು ದೋಸೆ ಎಬ್ಬಿಸುತ್ತಿದ್ದೇನೆ. ಫೋನು ಅವಳ ವಶದಲ್ಲಿದೆ. ರಾಯರಿಗೆ ಮುಚ್ಚಳ, ಸೌಟು, ಜರಡಿ ಎಲ್ಲವೂ ಫ್ರೀ ಹೋಗಿವೆಯಂತೆ!

ಉಮಾವತಿಗೆ ನಾನು ಒಂದು ಸಮತಟ್ಟಾದ ನೆಲ ಕೊಡಬೇಕಾಗಿದೆ.